ಊರಿಗೆ ಬಂದರೆ ಕಾರು ಸ್ಟಾರ್ಟ್ ಆಗಲ್ಲ: ಕರೆಂಟಿಲ್ಲದ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತದೆ, ಏನು ಮಾಡಬೇಕು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಕ್ಕನ ಮನೆ. ಭಾವನಿಗೆ ದುಬೈಯಲ್ಲಿ ಕೆಲಸ, ಅಕ್ಕನೂ ಮಕ್ಕಳೂ ಅಲ್ಲೇ ಇದ್ದಾರೆ. ಕಾರು ಮಾತ್ರ ಇಲ್ಲಿ, ತೋಟದ ಬದಿಯ ಶೆಡ್ಡಿನಲ್ಲಿ. ಶೆಡ್ಡಿಗೆ ಕರೆಂಟ್ ಎಳೆದಿಲ್ಲ. ಮನೆಗೆ ಇದೆ, ಆದರೆ ಸಿಡಿಲಿನ ಭಯಕ್ಕೆ ಹೋಗುವಾಗ ಮೈನ್ ಸ್ವಿಚ್ ಇಳಿಸಿಯೇ ಹೋಗುತ್ತಾರೆ. ಹಾಗಾಗಿ ಚಾರ್ಜರ್ ಸಿಕ್ಕಿಸಿಟ್ಟು ಹೋಗುವ ದಾರಿ ನಮಗಿಲ್ಲ. ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯ ಎಲ್ಲಾ ಕಡೆ ಇಂಥ ಕಾರುಗಳು ಎಷ್ಟಿವೆಯೋ!

ಮೂರು ವರ್ಷದಲ್ಲಿ ಎರಡು ಬ್ಯಾಟರಿ ಹೋಯಿತು. ಎರಡು ಸಲವೂ ಅಂಗಡಿಯವರು ಹೇಳಿದ್ದು ಒಂದೇ ಮಾತು, "ಓಡಿಸದೆ ಇಟ್ಟರೆ ಹೀಗೇ". ಕಾರಿನ ಕೀ ಇರುವುದು ನನ್ನ ಹತ್ತಿರ, ಭಾವನ ದುಡ್ಡು ಹೋಗುವುದು ನೋಡಿ ನನಗೆ ಸಂಕಟ. ಕೊನೆಗೆ ಒಂದು ಮಲ್ಟಿಮೀಟರ್ ತಂದು ಅಳೆಯಲು ಕೂತೆ. ಗೊತ್ತಾದದ್ದು ಇಷ್ಟು. ಓಡಿಸದೆ ಇಟ್ಟದ್ದಕ್ಕೆ ಬ್ಯಾಟರಿ ಹಾಳಾಗುವುದಲ್ಲ, ಚಾರ್ಜ್ ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಕೂತದ್ದಕ್ಕೆ ಹಾಳಾಗುವುದು. ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಕಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಆ ಭಾಗ ತಿರುಗಿ ಕೆಲಸಕ್ಕೆ ಬರುವುದಿಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಈ ಬ್ಯಾಟರಿ ಮಾಡಿದ ಕಾಲದಿಂದ ಇದರ ಗುಣ ಹೀಗೇ ಇದೆ.

ಸಾಧಾರಣ ಪೆಟ್ರೋಲ್ ಡೀಸೆಲ್ ಕಾರಿನ 12 ವೋಲ್ಟ್ ಬ್ಯಾಟರಿಗೆ ಮಾತ್ರ ಈ ಬರಹ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ದಪ್ಪ ವಯರ್ ಕಂಡರೆ ಅದರ ಹತ್ತಿರ ಹೋಗಲೇಬೇಡಿ.

ಬಾನೆಟ್ ಎತ್ತುವ ಮೊದಲು

ಬೇಕಾದ ಸಾಮಾನು ಕಮ್ಮಿ. ಒಂದು ಮಲ್ಟಿಮೀಟರ್, ಸಾದಾ ಆದರೆ 400-500 ರೂಪಾಯಿಗೆ ಸಿಗುತ್ತದೆ. ಒಂದು 10 ನಂಬರ್ ಸ್ಪ್ಯಾನರ್, ಟಾರ್ಚ್, ಕಣ್ಣಿಗೆ ಕನ್ನಡಕ. ಕೈಯಲ್ಲಿ ಉಂಗುರ, ವಾಚ್, ಬಳೆ ಇದ್ದರೆ ತೆಗೆದಿಡಿ. ಲೋಹ ಎರಡು ಟರ್ಮಿನಲ್‌ಗಳ ನಡುವೆ ಅಡ್ಡ ಬಿದ್ದರೆ ಕೆಂಪಗೆ ಕಾಯುತ್ತದೆ, ಬೆರಳು ಸುಟ್ಟುಹೋಗುತ್ತದೆ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಗೆ ಬರುತ್ತದೆ. ಒಂದು ಕಿಡಿ ಸಾಕು. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡಿ, ಬೀಡಿ ಬೆಂಕಿಕಡ್ಡಿ ಯಾವುದೂ ಹತ್ತಿರ ಬೇಡ. ಒಳಗಿರುವುದು ಗಂಧಕಾಮ್ಲ. ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರು ಬಿಟ್ಟು ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇರಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಒಂದು ಬಕೆಟ್ ನೀರು ಪಕ್ಕದಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಇನ್ನು ಅಳತೆ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕಾರು ಓಡಿ ನಿಂತು ಕೆಲವು ಗಂಟೆ ಆಗಿರಬೇಕು, ಒಂದು ರಾತ್ರಿ ಕಳೆದಿದ್ದರೆ ಇನ್ನೂ ಒಳ್ಳೆಯದು. ಆಗಷ್ಟೇ ನಿಲ್ಲಿಸಿದ ಕಾರಿನ ಬ್ಯಾಟರಿ ಸುಳ್ಳು ಲೆಕ್ಕ ಕೊಡುತ್ತದೆ. 12.6ಕ್ಕಿಂತ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಎಂದರೆ ಮುಕ್ಕಾಲು, 12.2 ಎಂದರೆ ಹೆಚ್ಚುಕಮ್ಮಿ ಅರ್ಧ, 12.0 ಎಂದರೆ ಕಾಲು. 11.8ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ. ನೆನಪಿಡಬೇಕಾದ ಸಂಖ್ಯೆ 12.4. ಅದಕ್ಕಿಂತ ಕೆಳಗೆ ಬಿಟ್ಟು ಹೋದರೆ ಮೇಲೆ ಹೇಳಿದ ಹರಳು ಕಟ್ಟುವ ಕೆಲಸ ಜೋರಾಗುತ್ತದೆ.

ರಿಮೋಟ್ ಒತ್ತಿದರೆ ಸದ್ದೇ ಇಲ್ಲ, ಒಳಗಿನ ದೀಪವೂ ಉರಿಯುವುದಿಲ್ಲ

ಗಾಬರಿ ಬೇಡ, ಇದು ಎಲ್ಲರಿಗೂ ಆಗುವಂಥದ್ದು. ಮೊದಲು ರಿಮೋಟಿನ ಒಳಗಿನ ಸಣ್ಣ ಸೆಲ್ ಹೋಗಿದೆಯಾ ಎಂದು ನೋಡಿ. ಬಾಗಿಲನ್ನು ಕೀಯಿಂದಲೇ ತೆರೆಯಿರಿ. ರಿಮೋಟ್ ಮಾತ್ರ ಇರುವ ಕಾರಾದರೆ ಅದರ ಒಳಗೇ ಒಂದು ಸಣ್ಣ ಕೀ ಅಡಗಿರುತ್ತದೆ, ಡ್ರೈವರ್ ಬಾಗಿಲ ಹಿಡಿಯಲ್ಲಿ ಅದಕ್ಕೆ ತೂತು ಇರುತ್ತದೆ.

ಬಾನೆಟ್ ಎತ್ತಿ ಅಳೆಯಿರಿ. 12 ಚಿಲ್ಲರೆ ಇದ್ದೂ ದೀಪ ಉರಿಯದಿದ್ದರೆ ಬ್ಯಾಟರಿಯದ್ದು ತಪ್ಪಲ್ಲ. ಕ್ಲ್ಯಾಂಪ್ ಸಡಿಲ ಇರಬಹುದು, ಮೈನ್ ಫ್ಯೂಸ್ ಹೋಗಿರಬಹುದು, ಅಥವಾ ಇಲಿ ವಯರ್ ಕಡಿದಿರಬಹುದು. ತೋಟದ ಬದಿಯ ಶೆಡ್ಡಿನಲ್ಲಿ ಇಲಿ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ ಅಲ್ವಾ. ಬ್ಯಾಟರಿಯ ಸುತ್ತ ಅಡಿಕೆ ಸಿಪ್ಪೆ, ಹುಲ್ಲು, ಕಾಗದದ ಚೂರು ಕಂಡರೆ ವಯರುಗಳ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿ. ತಾಮ್ರ ಹೊರಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಬ್ಯಾಟರಿಯ ಮೈನಸ್ ಬಿಚ್ಚಿ ಎಲೆಕ್ಟ್ರಿಷಿಯನ್ ಕರೆಸಿ. ಕಡಿದ ವಯರಿಗೆ ಕರೆಂಟ್ ಕೊಟ್ಟರೆ ಕಾರಿಗೇ ಬೆಂಕಿ ಹಿಡಿಯಬಹುದು.

ಮೀಟರ್ 11ಕ್ಕಿಂತ ಕೆಳಗೆ ತೋರಿಸಿದರೆ ಬ್ಯಾಟರಿ ಪೂರ್ತಿ ಇಳಿದಿದೆ. ಎಷ್ಟು ದಿನದಿಂದ ಹಾಗಿದೆ ಎನ್ನುವುದು ಮುಖ್ಯ. ಎರಡು ದಿನವಾದರೆ ಉಳಿಯಬಹುದು. ಇಡೀ ಮಳೆಗಾಲ ಹಾಗೇ ಇದ್ದಿದ್ದರೆ ಆಸೆ ಕಮ್ಮಿ. ಆದರೂ ಅಂಗಡಿಯಲ್ಲಿ ನಿಧಾನ ಚಾರ್ಜಿಗೆ ಒಂದು ದಿನ ಇಟ್ಟು ನೋಡದೆ ಹೊಸತು ಕೊಳ್ಳಬೇಡಿ.

ಕೀ ತಿರುಗಿಸಿದರೆ ಟಕ್‌ಟಕ್‌ಟಕ್ ಎನ್ನುತ್ತದೆ

ಡ್ಯಾಶ್‌ಬೋರ್ಡಿನ ದೀಪ ಮಂಕಾಗುತ್ತದೆ, ಬಾನೆಟ್ ಒಳಗಿಂದ ಬೇಗಬೇಗ ಟಕ್‌ಟಕ್ ಸದ್ದು. ಇದು ಚಾರ್ಜ್ ಸಾಲದ ಲಕ್ಷಣ. ಸೆಲ್ಫ್ ಮೋಟಾರು ತಿರುಗಬೇಕಾದರೆ ಒಮ್ಮೆಲೆ ನೂರಕ್ಕಿಂತ ಜಾಸ್ತಿ ಆಂಪಿಯರ್ ಬೇಕು. ಅಷ್ಟು ಎಳೆಯುವಾಗ ವೋಲ್ಟೇಜ್ ಕುಸಿದು ಸ್ವಿಚ್ ಬಿಡುತ್ತದೆ, ಬಿಟ್ಟ ತಕ್ಷಣ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಪುನಃ ಪುನಃ ಕೀ ತಿರುಗಿಸಬೇಡಿ, ಇದ್ದ ಚೂರನ್ನೂ ಕಳಕೊಳ್ಳುತ್ತೀರಿ.

ನೆರೆಮನೆಯ ಕಾರಿನಿಂದ ಜಂಪ್ ಮಾಡಬಹುದು. ಕ್ರಮ ತಪ್ಪಬಾರದು. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣ ಹಚ್ಚದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ತುದಿ ತಾಗಿಸುವಾಗ ಕಿಡಿ ಬರುತ್ತದೆ, ಆ ಕಿಡಿ ಬ್ಯಾಟರಿಯ ಮೇಲೆ ಬೀಳಬಾರದು ಎನ್ನುವುದಕ್ಕೇ ಈ ಕ್ರಮ. ತೆಗೆಯುವಾಗ ಇದರ ತಿರುವು. ಲಾರಿಯಿಂದ ಜಂಪ್ ಮಾಡಲು ಹೋಗಬೇಡಿ, ಅದರಲ್ಲಿ 24 ವೋಲ್ಟ್ ಇರುತ್ತದೆ, ಕಾರಿನ ಕಂಪ್ಯೂಟರ್ ಸುಟ್ಟುಹೋಗುತ್ತದೆ.

ನಮ್ಮ ಕಡೆ ಮನೆಗಳೆಲ್ಲ ಗುಡ್ಡೆಯ ಇಳಿಜಾರಿನಲ್ಲಿ, ದೂಡಿ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ. ಗೇರ್ ಕಾರಿಗೆ ಸಾಧ್ಯ, ಆಟೋಮ್ಯಾಟಿಕ್‌ಗೆ ಆಗುವುದಿಲ್ಲ. ಆದರೆ ಎಂಜಿನ್ ಓಡದಿದ್ದರೆ ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟೇರಿಂಗೂ ಭಾರ. ಮಳೆಗೆ ಪಾಚಿ ಹಿಡಿದ ಇಳಿಜಾರಿನಲ್ಲಿ ದಯವಿಟ್ಟು ಬೇಡ.

ಒಂದೇ ಒಂದು ಟಕ್, ದೀಪ ಮಾತ್ರ ಚೆನ್ನಾಗಿದೆ

ಹೆಡ್‌ಲೈಟ್ ಜೋರಾಗಿ ಉರಿಯುತ್ತದೆ, ಕೀ ತಿರುಗಿಸಿದರೆ ಒಂದು ಟಕ್, ಆಮೇಲೆ ಏನಿಲ್ಲ. ಮೊದಲು ಕ್ಲ್ಯಾಂಪನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಬಿಗಿ ಮಾಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟಿಗೆ ದಾರಿ ಕಟ್ಟಿದ ಹಾಗೆ. ಕ್ಲ್ಯಾಂಪ್ ಬಿಚ್ಚಿ, ಮೈನಸ್ ಮೊದಲು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ತೂತಿನೊಳಗೆ ಹೋಗಬಾರದು. ಒಣಗಿದ ಮೇಲೆ ಕ್ಲ್ಯಾಂಪ್ ಬಿಗಿದು ವ್ಯಾಸಲಿನ್ ಸವರಿ. ನಮ್ಮ ಹವೆಯ ತೇವಕ್ಕೆ ಇದು ವರ್ಷಕ್ಕೊಮ್ಮೆಯಾದರೂ ಬೇಕೇ ಬೇಕು.

ಇದೆಲ್ಲ ಸರಿ ಇದ್ದೂ ಅದೇ ಒಂದು ಟಕ್ ಆದರೆ ಸೆಲ್ಫ್ ಮೋಟಾರಿನ ತೊಂದರೆ ಇರಬಹುದು. ಅದು ಗ್ಯಾರೇಜಿನ ಕೆಲಸ.

ಜಂಪ್ ಮಾಡಿದರೆ ಸ್ಟಾರ್ಟ್ ಆಗುತ್ತದೆ, ಮರುದಿನ ಮತ್ತೆ ಸತ್ತಿರುತ್ತದೆ

ಮೂರು ಕಾರಣ ಇರಬಹುದು. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋ (ಆಲ್ಟರ್ನೇಟರ್) ಚಾರ್ಜ್ ಕೊಡುತ್ತಿಲ್ಲ, ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ, ಅಥವಾ ರಾತ್ರಿ ಯಾವುದೋ ಕರೆಂಟ್ ಕುಡಿಯುತ್ತಿದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆಯಿರಿ. ಸಾಧಾರಣವಾಗಿ 13.8ರಿಂದ 14.5ರ ಒಳಗೆ ಬರಬೇಕು. 13ರ ಕೆಳಗೇ ಉಳಿದರೆ ಡೈನಮೋ ಅಥವಾ ಅದರ ಬೆಲ್ಟ್ ನೋಡಿಸಬೇಕು. 15 ದಾಟಿದರೆ ಎಂಜಿನ್ ಆಫ್ ಮಾಡಿ, ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ.

ಒಂದು ಹಳೆ ಚಾಳಿ ಇದೆ, ಎಂಜಿನ್ ಓಡುವಾಗಲೇ ಬ್ಯಾಟರಿಯ ವಯರ್ ಬಿಚ್ಚಿ ಡೈನಮೋ ಪರೀಕ್ಷೆ ಮಾಡುವುದು. ಹಳೆ ಜೀಪಿನ ಕಾಲದಲ್ಲಿ ನಡೆಯುತ್ತಿತ್ತು. ಈಗಿನ ಕಾರಿಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೆ ಹಾರಿ ಡೈನಮೋದ ಡಯೋಡು, ಕಂಪ್ಯೂಟರ್ ಎರಡೂ ಹೋಗಬಹುದು. ಯಾರೇ ಹೇಳಿದರೂ ಹಾಗೆ ಮಾಡಲು ಬಿಡಬೇಡಿ.

ಡೈನಮೋ ಸರಿ ಇದೆ ಎಂದಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಿ. ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ. ಬೀಳದಿದ್ದರೆ ಮುಂದಿನದ್ದು ಓದಿ.

ಹತ್ತು ಹದಿನೈದು ದಿನದಲ್ಲೇ ಇಳಿದುಹೋಗುತ್ತದೆ

ಭಾವನ ಕಾರಿನ ರೋಗ ಇದೇ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಕೀ ತೆಗೆದು ಲಾಕ್ ಮಾಡಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟಿನ ಸಂಕೇತ ಕಾಯುವ ಭಾಗ, ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಕುಡಿಯುತ್ತವೆ. ಅದು ಸಹಜ. ಲೆಕ್ಕ ಹಾಕಿ ನೋಡಿ. 25 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.6 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ). ಸಣ್ಣ ಕಾರಿನ 35 ಎಎಚ್ ಬ್ಯಾಟರಿ ಒಂದು ತಿಂಗಳಲ್ಲಿ ಅರ್ಧಕ್ಕೆ ಬರುತ್ತದೆ. ಅಂದರೆ ಯಾವ ದೋಷವೂ ಇಲ್ಲದ ಕಾರಿನ ಬ್ಯಾಟರಿಯೂ ಎರಡು ಮೂರು ತಿಂಗಳಿಗೆ ಸಾಯುತ್ತದೆ.

ಅಳೆಯುವುದು ಹೀಗೆ. ಬಾನೆಟ್ ತೆರೆದಿಟ್ಟು, ಕೀ ಕಾರಿನಿಂದ ಹೊರಗೆ ತೆಗೆದು, ಬಾಗಿಲು ಮುಚ್ಚಿ. ಮೀಟರಿನ ಕೆಂಪು ವಯರನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ, ಕ್ಲ್ಯಾಂಪಿಗೆ ಒಂದು ಕಡ್ಡಿ, ಮೈನಸ್ ಟರ್ಮಿನಲ್‌ಗೆ ಇನ್ನೊಂದು. ಶುರುವಿಗೆ ಅಂಕಿ ದೊಡ್ಡದಿರುತ್ತದೆ. ಅರ್ಧ ಗಂಟೆ ಮುಕ್ಕಾಲು ಗಂಟೆ ಕಾಯಿರಿ, ಕಾರಿನ ಕಂಪ್ಯೂಟರುಗಳು ಮಲಗಲಿ. ಮೀಟರ್ ಹೀಗೆ ಇರುವಾಗ ಕೀ ತಿರುಗಿಸಬೇಡಿ, ಮೀಟರ್ ಸುಡುತ್ತದೆ. ಮುಗಿದ ಕೂಡಲೇ ಕೆಂಪು ವಯರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ವೋಲ್ಟೇಜ್ ಅಳೆಯಲು ಹೋದರೆ ಬ್ಯಾಟರಿಯನ್ನು ಶಾರ್ಟ್ ಮಾಡಿದ ಹಾಗೆ. ಇದನ್ನು ಮಾತ್ರ ಎರಡೆರಡು ಸಲ ನೋಡಿಕೊಳ್ಳಿ.

ನಮ್ಮದರಲ್ಲಿ ಮುಕ್ಕಾಲು ಗಂಟೆ ಕಳೆದ ಮೇಲೂ 180 ಮಿಲಿಆಂಪಿಯರ್. ದಿನಕ್ಕೆ 4.3 ಎಎಚ್! ಎಂಟು ದಿನಕ್ಕೆ ಪೂರ್ತಿ ಖಾಲಿ. ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿದೆ, ಅಂಕಿ ಇಳಿಯಲೇ ಇಲ್ಲ. ಕೊನೆಗೆ ಕಂಡದ್ದು ಬ್ಯಾಟರಿಯ ಪ್ಲಸ್‌ನಿಂದ ನೇರ ಹೊರಟ ಒಂದು ಕೆಂಪು ವಯರ್. ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮಿನ ಆಂಪ್ಲಿಫೈಯರ್ ಅದು, ಕೀ ತೆಗೆದರೂ ಆಫ್ ಆಗುತ್ತಿರಲಿಲ್ಲ. ಅದನ್ನು ಬಿಚ್ಚಿದೆ, ಅಂಕಿ 22ಕ್ಕೆ ಇಳಿಯಿತು. ಎರಡು ಬ್ಯಾಟರಿ ತಿಂದದ್ದು ಆ ಒಂದು ವಯರ್. ನಿಮ್ಮಲ್ಲೂ ಹೊರಗಿಂದ ಹಾಕಿಸಿದ್ದನ್ನೇ ಮೊದಲು ನೋಡಿ: ಕ್ಯಾಮೆರಾ, ಜಿಪಿಎಸ್, ಅಲಾರಂ, ಹೆಚ್ಚುವರಿ ದೀಪ. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತದೆಯಾ ಎಂದು ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಮುಚ್ಚಿದರೆ ಗೊತ್ತಾಗುತ್ತದೆ. ಕಾರಣ ಸಿಗದೆ ಡ್ಯಾಶ್‌ಬೋರ್ಡ್ ಬಿಚ್ಚುವ ಹಂತಕ್ಕೆ ಬಂದರೆ ಆಟೋ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಏರ್‌ಬ್ಯಾಗಿನ ವಯರುಗಳು ಅಲ್ಲೇ ಇರುತ್ತವೆ.

ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಇದಕ್ಕಿಂತ ಸುಲಭದ, ಕಾಸು ಖರ್ಚಿಲ್ಲದ ಉಪಾಯ ಮೈನಸ್ ಬಿಚ್ಚಿಡುವುದು. ಪ್ಲಸ್ ಮೊದಲು ಬಿಚ್ಚಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ, ಹಾಗಾಗಿ ಮೈನಸ್ಸೇ ಮೊದಲು. ಬಿಚ್ಚಿದ ಕ್ಲ್ಯಾಂಪಿಗೆ ಬಟ್ಟೆ ಸುತ್ತಿ ದೂರ ಬಗ್ಗಿಸಿಡಿ. ಕಿಟಕಿಗಳನ್ನು ಮೊದಲೇ ಮುಚ್ಚಿ, ಕೀಯನ್ನು ಕಿಸೆಗೆ ಹಾಕಿಕೊಂಡು ಕೆಲಸ ಮಾಡಿ. ಆದರೆ ಬಿಚ್ಚಿಟ್ಟು ಹೋಗುವ ಮೊದಲು 12.6 ಇರಬೇಕು. ಅರ್ಧ ಚಾರ್ಜ್ ಇರುವ ಬ್ಯಾಟರಿಯ ಮೈನಸ್ ಬಿಚ್ಚಿಟ್ಟರೆ ಏನೂ ಉಪಯೋಗ ಇಲ್ಲ.

ತಿಂಗಳಿಗೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡುತ್ತೇವೆ, ಆದರೂ ಬಲ ಕಮ್ಮಿಯಾಗುತ್ತಿದೆ

ಅಂಗಳದಲ್ಲಿ ನಿಲ್ಲಿಸಿಯೇ ಸುಮ್ನೆ ಹತ್ತು ನಿಮಿಷ ಓಡಿಸಿದರೆ ತಿಂಗಳಿಡೀ ಸೋರಿಹೋದ ಚಾರ್ಜ್ ಮರಳಿ ತುಂಬುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಅದು ಇನ್ನೊಂದು ನಷ್ಟ. ಓಡಿಸುವುದಾದರೆ ರಸ್ತೆಗೆ ಇಳಿಸಿ ಅರ್ಧ ಮುಕ್ಕಾಲು ಗಂಟೆ ಓಡಿಸಿ, ಎರಡು ವಾರಕ್ಕೊಮ್ಮೆ. ಇನ್ಶೂರೆನ್ಸ್ ಇದೆಯಾ ಎಂದು ನೋಡಿಕೊಂಡೇ ಹೊರಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ವಾಸನೆ ಗೊತ್ತಾಗುವುದಿಲ್ಲ, ಜೀವ ಹೋಗುತ್ತದೆ.

ಮೈನಸ್ ಬಿಚ್ಚಿಟ್ಟಿದ್ದೆ, ಆದರೂ ಇಳಿದಿದೆ

ಎಷ್ಟು ಇಳಿದಿದೆ ಮತ್ತು ಎಷ್ಟು ಸಮಯದಲ್ಲಿ? ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿ ತಿಂಗಳಿಗೆ ಶೇಕಡಾ 3ರಿಂದ 5ರಷ್ಟು ಇಳಿಯುತ್ತದೆ. ಸೆಕೆ 10 ಡಿಗ್ರಿ ಏರಿದರೆ ಇದು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ತಗಡಿನ ಮಾಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಸೆಕೆ ನೆನೆಸಿಕೊಳ್ಳಿ. ಆರು ತಿಂಗಳಿಗೆ 12.3ಕ್ಕೆ ಬಂದಿದ್ದರೆ ಅದು ದೋಷವಲ್ಲ, ನಡುವೆ ಒಮ್ಮೆ ಚಾರ್ಜ್ ಬೇಕಿತ್ತು ಅಷ್ಟೇ.

ಎರಡು ವಾರಕ್ಕೇ 12ಕ್ಕೆ ಬಂದರೆ ಒಳಗೆ ಕೆಟ್ಟಿದೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಒಂದೊಂದು ಸೆಲ್ 2.1 ವೋಲ್ಟ್ ಅಲ್ವಾ. ಅದಕ್ಕೆ ಮದ್ದಿಲ್ಲ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಂದೊಂದು ಸೆಲ್ ನೋಡಿ. ಪೂರ್ತಿ ಚಾರ್ಜ್ ಇದ್ದರೆ 1.265ರ ಸುತ್ತಮುತ್ತ ಬರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050 ಕಮ್ಮಿ ಇದ್ದರೆ ಅದೇ ರೋಗಿ. ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಅದರ ಲವಣ ತಟ್ಟೆಗಳನ್ನು ತಿನ್ನುತ್ತದೆ. ಆಸಿಡ್ ಹಾಕಲೇಬೇಡಿ.

ಬ್ಯಾಟರಿಯ ಮೇಲಿನ ಬಣ್ಣದ ಕಣ್ಣು ಹಸಿರು ಇದೆ, ಹಾಗಾಗಿ ಸರಿ ಇದೆ ಎನ್ನುವವರಿದ್ದಾರೆ. ಆ ಕಣ್ಣು ನೋಡುವುದು ಒಂದೇ ಸೆಲ್ಲನ್ನು. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಬ್ಯಾಟರಿಯನ್ನು ನೆಲದ ಮೇಲೆ ಇಟ್ಟರೆ ಇಳಿಯುತ್ತದೆ, ಹಲಗೆಯ ಮೇಲೇ ಇಡಬೇಕು ಎಂದು ನನ್ನ ಅಪ್ಪನೂ ಹೇಳುತ್ತಿದ್ದರು. ಮರದ, ಗಟ್ಟಿ ರಬ್ಬರಿನ ಡಬ್ಬಿಯ ಕಾಲಕ್ಕೆ ಅದು ಸರಿ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಮುರಕಲ್ಲಿನ ನೆಲವಾದರೂ ಸಿಮೆಂಟಾದರೂ ಒಂದೇ.

ಸೋಲಾರ್ ಪ್ಯಾನಲ್ ಹಾಕಿದ್ದೇನೆ, ಆದರೂ ಇಳಿಯುತ್ತಿದೆ

ಮೊದಲ ಪ್ರಶ್ನೆ, ಪ್ಯಾನಲಿನ ವಯರ್ ಎಲ್ಲಿಗೆ ಸಿಕ್ಕಿಸಿದ್ದೀರಿ? ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟ್ ಸಾಕೆಟ್ಟಿಗಾದರೆ, ತುಂಬಾ ಕಾರುಗಳಲ್ಲಿ ಕೀ ತೆಗೆದ ಮೇಲೆ ಅದು ಬ್ಯಾಟರಿಯಿಂದ ಬೇರೆಯಾಗುತ್ತದೆ. ಪ್ಯಾನಲಿನ ದೀಪ ಉರಿಯುತ್ತಾ ಇರುತ್ತದೆ, ಬ್ಯಾಟರಿಗೆ ಒಂದು ತೊಟ್ಟೂ ಹೋಗುವುದಿಲ್ಲ. ನೇರ ಬ್ಯಾಟರಿಗೇ ಹಾಕಿ, ಪ್ಲಸ್ ವಯರಿನಲ್ಲಿ ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್ ಇರಲಿ. ಇಲಿ ಕಡಿದರೆ ಆ ಫ್ಯೂಸೇ ಕಾಪಾಡುವುದು.

ಎರಡನೆಯದು ನೆರಳು. ಪ್ಯಾನಲಿನ ಸೆಲ್‌ಗಳು ಸಾಲಾಗಿ ಜೋಡಿಸಿದವು. ಅಡಿಕೆ ಮರದ ಒಂದು ಸೋಗೆಯ ನೆರಳು ಮೂಲೆಗೆ ಬಿದ್ದರೂ ಇಡೀ ಪ್ಯಾನಲ್ ಮಂಕಾಗುತ್ತದೆ. ಕಾರಿನ ಗಾಜಿನ ಒಳಗೆ ಇಟ್ಟರೂ ನಷ್ಟವೇ. ಮಾಡಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿ ಇಡಿ, ಮಳೆಗೆ ಪಾಚಿ ಧೂಳು ತೊಳೆದುಹೋಗಲಿ.

ಮೂರನೆಯದು ಲೆಕ್ಕ. 10 ವಾಟಿನ ಪ್ಯಾನಲ್ ಒಳ್ಳೆ ಬಿಸಿಲಿಗೆ ಅರ್ಧ ಆಂಪಿಯರ್ ಕೊಡುತ್ತದೆ, ಬೇಸಿಗೆಯ ದಿನಕ್ಕೆ ಸುಮಾರು 2 ಎಎಚ್. ಆದರೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳ (ಜುಲೈ-ಆಗಸ್ಟ್) ಕಪ್ಪು ಮೋಡದಲ್ಲಿ ಅದರ ಕಾಲು ಭಾಗವೂ ಸಿಗದ ದಿನಗಳಿವೆ. ಕಾರಿಗೆ ದಿನಕ್ಕೆ 0.6 ಬೇಕು, ಪ್ಯಾನಲಿಗೂ ಬ್ಯಾಟರಿಗೂ ನಡುವೆ ಹಾಕುವ ಚಾರ್ಜ್ ಕಂಟ್ರೋಲರಿಗೇ 0.2 ಬೇಕು. ಸಾಲುವುದಿಲ್ಲ. ಮೈನಸ್ ಬಿಚ್ಚಿ, ಪ್ಯಾನಲನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮಾತ್ರ ಜೋಡಿಸಿದರೆ ಕಾರಿನ ಪಾಲು ಉಳಿಯಿತು. ಬ್ಯಾಟರಿ ತಾನಾಗಿ ಇಳಿಯುವುದು ದಿನಕ್ಕೆ 0.05 ಮಾತ್ರ. ಆಗ ಮಳೆಗಾಲದ ಮಂಕು ಬೆಳಕೂ ಸಾಕಾಗುತ್ತದೆ. ನಾನಂತೂ 20 ವಾಟಿನದ್ದೇ ಹಾಕಿದ್ದೇನೆ.

ಕಂಟ್ರೋಲರ್ ಇಲ್ಲದೆ ಪ್ಯಾನಲ್ ನೇರ ಹಾಕಬೇಡಿ. 12 ವೋಲ್ಟ್ ಎಂದು ಬರೆದ ಪ್ಯಾನಲ್ ಬಿಸಿಲಿಗೆ 20 ವೋಲ್ಟ್ ದಾಟುತ್ತದೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬ್ಯಾಟರಿಯ ನೀರು ಆರುತ್ತದೆ. ರಾತ್ರಿ ಉಲ್ಟಾ ಸೋರುವುದನ್ನೂ ಕಂಟ್ರೋಲರ್ ತಡೆಯುತ್ತದೆ. ಅದಕ್ಕೆ ಮೊದಲು ಬ್ಯಾಟರಿಯ ವಯರ್, ಆಮೇಲೆ ಪ್ಯಾನಲಿನದು. ತೆಗೆಯುವಾಗ ಪ್ಯಾನಲ್ ಮೊದಲು. ತುಂಬಿದ ಮೇಲೆ ಬ್ಯಾಟರಿಯ ಮೇಲೆ 13.6-13.8ರ ಹತ್ತಿರ ನಿಲ್ಲಬೇಕು. ಅಕ್ಟೋಬರ್ ನವೆಂಬರ್‌ನ ಸಿಡಿಲಿನ ದಿನಗಳಲ್ಲಿ ಮಾಡಿನ ಪ್ಯಾನಲ್ ಬಿಚ್ಚಿಡುವವರು ಸಿಕ್ಕಿದರೆ ಬಿಚ್ಚಿಸಿಡಿ.

ಬಿಸಿಲೇ ಬೀಳದ ಜಾಗವಾದರೆ ಬ್ಯಾಟರಿಯನ್ನೇ ಬಿಚ್ಚಿ ಕರೆಂಟಿರುವ ಮನೆಯಲ್ಲಿ ಇಡಿ. 35 ಎಎಚ್‌ನದ್ದು ಸುಮಾರು ಹತ್ತು ಕಿಲೋ, ನೆಟ್ಟಗೆ ಹಿಡಿದು ಒಯ್ಯಬೇಕು. ಎರಡು ತಿಂಗಳಿಗೊಮ್ಮೆ 3.5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಸಾಕು.

ಬದಿ ಉಬ್ಬಿದೆ, ಕೊಳೆತ ಮೊಟ್ಟೆಯ ವಾಸನೆ, ಮುಟ್ಟಿದರೆ ಬಿಸಿ

ಕೈ ಹಾಕಬೇಡಿ. ಜಂಪ್ ಬೇಡ, ಚಾರ್ಜ್ ಬೇಡ. ಸೋಲಾರ್ ಅಥವಾ ಚಾರ್ಜರ್ ಇದ್ದರೆ ಬ್ಯಾಟರಿಯಿಂದ ದೂರದ ತುದಿಯಲ್ಲಿ ಆಫ್ ಮಾಡಿ, ಶೆಡ್ ತೆರೆದಿಟ್ಟು ಹೊರಗೆ ಬನ್ನಿ, ಮಕ್ಕಳನ್ನು ದೂರ ಇಡಿ. ತಣಿದ ಮೇಲೆ ಗೊತ್ತಿರುವವರಿಂದಲೇ ತೆಗೆಸಿ. ಡಬ್ಬಿ ಬಿರಿದು ಆಸಿಡ್ ಸೋರಿದ್ದರೂ ಇದೇ ಮಾತು.

ಸತ್ತ ಬ್ಯಾಟರಿಯನ್ನು ತೋಟದ ಹೊಂಡಕ್ಕೆ ಎಸೆಯಬೇಡಿ. ಒಳಗೆ ಸೀಸ ಇದೆ, ನಮ್ಮ ಬಾವಿಯ, ಗುಡ್ಡೆ ಕೊರೆದು ಮಾಡಿದ ಸುರಂಗದ ನೀರಿಗೆ ಸೇರುತ್ತದೆ. ಹೊಸತು ತರುವಾಗ ಅಂಗಡಿಗೇ ವಾಪಸ್ ಕೊಡಿ, ಹಳತಕ್ಕೆ ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ.

ಊರಿಗೆ ಬಂದ ದಿನ

ವೋಲ್ಟೇಜ್ ಅಳೆಯಿರಿ, ಇಲಿ ಗೂಡು ನೋಡಿ, ಆಮೇಲೆ ಕ್ಲ್ಯಾಂಪ್. ಎರಡೂ ಬಿಚ್ಚಿದ್ದರೆ ಪ್ಲಸ್ ಮೊದಲು, ಮೈನಸ್ ಕೊನೆಗೆ. ಗಡಿಯಾರ ತಪ್ಪಿರುತ್ತದೆ, ಕಿಟಕಿ ಒಂದೇ ಒತ್ತಿಗೆ ಮೇಲೆ ಹೋಗದಿರಬಹುದು, ಕೆಲವು ಸ್ಟೀರಿಯೋ ಕೋಡ್ ಕೇಳುತ್ತದೆ, ಹಾಗಾಗಿ ಆ ನಂಬರನ್ನು ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ. ಭಾವನ ಕಾರಿನ ಬ್ಯಾಟರಿಯ ಮೇಲೆ ನಾನು ಒಂದು ಬಿಳಿ ಪಟ್ಟಿ ಅಂಟಿಸಿದ್ದೇನೆ, ನೋಡಿದ ದಿನ ಮತ್ತು ವೋಲ್ಟೇಜ್ ಪೆನ್ನಿನಲ್ಲಿ ಬರೆಯಲು. ಈ ಸಲ ಪತ್ತನಾಜೆಗೆ (ಮೇ ಕೊನೆಗೆ) 12.7 ಬರೆದದ್ದು, ಆಟಿ ಕಳೆದ ಮೇಲೆ ನೋಡಿದಾಗ 12.6.